ನಮ್ದು ಡೂಪ್ಲಿಕೇಟ್ ಮಾರಿಯೋ ಅಂತೆ..!

ಚವತಿ ಹತ್ತಿರ ಬಂತು ಅಂದ್ರೆ ನಮ್ಮ ಶಿರವಾಡದ ಮನೆಯಲ್ಲಿ ಅಟ್ಟ ಖಾಲಿ ಮಾಡುವ ಕಾರ್ಯಕ್ರಮ ಶುರು. ಗಣಪತಿಯ ಮೇಲೆ ಫಲಾವಳಿ ಕಟ್ಟೋ ಮರದ ಚೌಕಟ್ಟು ಇರೋದು ಅಟ್ಟದ ಮೇಲೆ, ಅದೂ ಎಲ್ಲಕ್ಕಿಂತ ಹಿಂದೆ. ಅದನ್ನ ತೆಗೀಬೇಕು ಅಂದ್ರೆ ಮುಂದಿರೋದನ್ನೆಲ್ಲ ಕೆಳಗಿಳಿಸಬೇಕು. ಈ ಸಲ ಹಾಗೆ ಇಳಿಸುವಾಗ ಒಂದು ಬಿಸ್ಕಿಟ್ ಡಬ್ಬ ಸಿಕ್ತು. ಒಳಗೆ ನನ್ನ ಹಳೇ ವಿಡಿಯೋ ಗೇಮ್! ಪೆಟ್ಟಿಗೆ, ಎರಡು ರಿಮೋಟ್ (ನಾವು ಅದನ್ನ ರಿಮೋಟ್ ಅಂತಲೇ ಕರೀತಿದ್ದದ್ದು), ಒಂದು ಪ್ಲಾಸ್ಟಿಕ್ ಬಂದೂಕು, ನಾಲ್ಕು ಕ್ಯಾಸೆಟ್.

ಆಯಿ ಕೆಳಗಿಂದಲೇ ಕೂಗಿದಳು, "ಅದೆಂತಾ ರಾಶಿ ಕಸ ಇಟ್ಕಂಡೀಯೋ, ಗುಜರಿಯವ ಬಂದ್ರೆ ಕೊಟ್ಬಿಡು."

ಅದು ಪರವಾಗಿಲ್ಲ, ಆಯಿ ನನ್ನನ್ನೂ ಗುಜರಿಗೆ ಹಾಕ್ತೀನಿ ಅಂತ ಎಷ್ಟೋ ಸಲ ಹೇಳಿದ್ದಾಳೆ :-) ಬೇಜಾರಾಗಿದ್ದು ಅಕ್ಕನ ಮಗನ ಮಾತಿಗೆ. ಹುಬ್ಬಳ್ಳಿಯಲ್ಲಿ ಒಂಬತ್ತನೇ ಕ್ಲಾಸು ಓದ್ತಾನೆ. ಪೆಟ್ಟಿಗೇನ ತಿರುಗಿಸಿ ಮುರುಗಿಸಿ ನೋಡಿದ. ಮೊಬೈಲಲ್ಲಿ ಏನೋ ಹುಡುಕಿದ. ಆಮೇಲೆ ಡಾಕ್ಟರು ರಿಪೋರ್ಟ್ ನೋಡಿ ಹೇಳೋ ಥರ ಹೇಳಿದ, "ಮಾಮಾ, ಇದು ಒರಿಜಿನಲ್ ಅಲ್ಲ. ಡೂಪ್ಲಿಕೇಟ್. ನಿಂಟೆಂಡೋದ್ದನ್ನ ಕಾಪಿ ಹೊಡೆದದ್ದು."

ಅವನು ಹೇಳಿದ್ದು ನಿಜಾನೇ. ಆದ್ರೂ ರಾತ್ರಿ ನಿದ್ದೆ ಬರ್ಲಿಲ್ಲ. ಅದಕ್ಕೇ ಇದನ್ನ ಬರೀತಾ ಇದೀನಿ.

ಅವನು ಮೊಬೈಲಲ್ಲಿ ತೋರಿಸಿದ್ದು ಎಲ್ಲಾ ಕಡೆ ಸಿಗೋ ಅದೇ ಪಟ್ಟಿ. 1972ರಲ್ಲಿ ಅಮೆರಿಕದಲ್ಲಿ ಮ್ಯಾಗ್ನಾವಾಕ್ಸ್ ಒಡಿಸ್ಸಿ ಬಂತು, ಮನೆ ಟೀವಿಗೆ ಸಿಕ್ಕಿಸಿ ಆಡುವ ಮೊದಲ ಯಂತ್ರ. ಮಾಡಿದ್ದು ರಾಲ್ಫ್ ಬೇರ್. ಅದಕ್ಕೆ ಬಣ್ಣ ಇಲ್ಲ, ಶಬ್ದಾನೂ ಇಲ್ಲ. ಬಣ್ಣ ಬೇಕು ಅಂದ್ರೆ ಟೀವಿ ಗಾಜಿನ ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸ್ಕೋಬೇಕಿತ್ತಂತೆ! ಅದೇ ವರ್ಷ ಅಟಾರಿಯ ಪಾಂಗ್. 1976ರಲ್ಲಿ ಜೆರ್ರಿ ಲಾಸನ್ ಅನ್ನೋ ಎಂಜಿನಿಯರ್ ಮತ್ತವರ ತಂಡ ಮಾಡಿದ ಫೇರ್‌ಚೈಲ್ಡ್ ಚಾನೆಲ್ ಎಫ್, ಆಟ ಬದಲಾಯಿಸಬೇಕು ಅಂದ್ರೆ ಕ್ಯಾಸೆಟ್ ಬದಲಾಯಿಸಿದ್ರೆ ಸಾಕು ಅನ್ನೋದು ಶುರುವಾಗಿದ್ದು ಅಲ್ಲಿಂದ. 1977ರಲ್ಲಿ ಅಟಾರಿ 2600. ಆಮೇಲೆ 1983ರಲ್ಲಿ 'ಮಹಾಕುಸಿತ'. ಯಾರೂ ಕೊಳ್ಳದ ಕ್ಯಾಸೆಟ್‌ಗಳನ್ನ ಲಾರಿಗೆ ತುಂಬಿ ನ್ಯೂ ಮೆಕ್ಸಿಕೋದ ಅಲಮಗಾರ್ಡೋ ಅನ್ನೋ ಊರಿನ ಕಸದ ಗುಂಡಿಯಲ್ಲಿ ಹೂತುಬಿಟ್ರು. 2014ರಲ್ಲಿ ಮತ್ತೆ ಅಗೆದು ತೆಗೆದ್ರು.

1983ರಲ್ಲಿ ವಿಡಿಯೋ ಗೇಮ್ ಜಗತ್ತೇ ಕುಸಿದುಬಿತ್ತು ಅಂತ ಬರೀತಾರಲ್ಲ, ಯಾವ ಜಗತ್ತು ಮಾರಾಯ್ರೆ? ಆ ವರ್ಷ ನಾವು ಕ್ರಿಕೆಟ್ ವರ್ಲ್ಡ್ ಕಪ್ ಗೆದ್ವಿ. ಕಾರವಾರದಲ್ಲಿ ಎಷ್ಟು ಮನೇಲಿ ಟೀವಿ ಇತ್ತು ಆಗ? ಜಪಾನಿನಲ್ಲಂತೂ ಅದೇ ವರ್ಷ ಜುಲೈ 15ಕ್ಕೆ ನಿಂಟೆಂಡೋ ಫ್ಯಾಮಿಕಾಂ ಬಿಡುಗಡೆಯಾಯ್ತು. ಬಿದ್ದದ್ದು ಅಮೆರಿಕದ ಮಾರುಕಟ್ಟೆ. ಅವರ ಮನೆ ಕರೆಂಟ್ ಹೋದ್ರೆ ಪ್ರಪಂಚಕ್ಕೇ ಕತ್ತಲೆ!

ಆ ಫ್ಯಾಮಿಕಾಮೇ 1985ರಲ್ಲಿ ಅಮೆರಿಕಕ್ಕೆ ಬೇರೆ ಡಬ್ಬದಲ್ಲಿ ಎನ್‌ಇಎಸ್ ಅಂತ ಹೋಯ್ತು. ಎರಡೂ ಸೇರಿ ಮಾರಾಟವಾಗಿದ್ದು 6 ಕೋಟಿ 19 ಲಕ್ಷ ಅಂತ ನಿಂಟೆಂಡೋ ಲೆಕ್ಕ. ಆ ಲೆಕ್ಕದಲ್ಲಿ ನಮ್ಮ ಬಿಸ್ಕಿಟ್ ಡಬ್ಬದ ಪೆಟ್ಟಿಗೆ ಇಲ್ಲ. ನಿಮ್ಮ ಮನೇದೂ ಇಲ್ಲ. ಶಿರವಾಡ, ಬಿಣಗಾ, ಅಂಕೋಲಾ, ಕುಮಟಾ, ಅಷ್ಟೇ ಯಾಕೆ, ಹುಬ್ಬಳ್ಳಿ ಬೆಂಗಳೂರಿನಲ್ಲೂ ತೊಂಬತ್ತರ ದಶಕದಲ್ಲಿ 'ಟೀವಿ ಗೇಮ್' ಆಡಿದ ಬಹುತೇಕ ಹುಡುಗರು ಆ ಲೆಕ್ಕದ ಹೊರಗೆ.

ನಮ್ಮ ಮನೆಗೆ ಅದು ಬಂದದ್ದು 1993ರಲ್ಲಿ. ಹಡಗಿನಲ್ಲಿ ಕೆಲಸಕ್ಕಿದ್ದ ಚಿಕ್ಕಪ್ಪ ಮುಂಬೈನಿಂದ ತಂದಿದ್ದ. ನಾನಾಗ ಮೂರನೇ ಕ್ಲಾಸು, ಕನ್ನಡ ಶಾಲೆ, ಮನೆಮಾತು ಕೊಂಕಣಿ. ನಮಗೆ ಶಾಲೇಲಿ ಇಂಗ್ಲಿಷ್ ಶುರುವಾಗ್ತಿದ್ದದ್ದು ಐದನೇ ಕ್ಲಾಸಿಗೆ. ಹಾಗಾಗಿ ನಾನು ಮೊಟ್ಟಮೊದಲು ಕಲಿತ ಇಂಗ್ಲಿಷ್ 'ಗೇಮ್ ಓವರ್'. ಎರಡನೇದು 'ಸ್ಟಾರ್ಟ್'. ಕ್ರಮ ಸ್ವಲ್ಪ ಉಲ್ಟಾ ಆಯ್ತು.

ಅಪ್ಪನಿಗೆ ಇದರ ತಲೆಬುಡ ಅರ್ಥವಾಗ್ತಿರಲಿಲ್ಲ. ನಮ್ಮ ಕಡೆ 'ಆಟ' ಅಂದ್ರೆ ಯಕ್ಷಗಾನ. ಆಟಕ್ಕೆ ಹೋದ ಅಂದ್ರೆ ಬೆಳಗಾದ ಮೇಲೇ ಮನೆಗೆ ಬರೋದು. "ಇವನು ಆಟ ಆಡ್ತಾನಂತೆ, ವೇಷ ಇಲ್ಲ, ಚೆಂಡೆ ಇಲ್ಲ" ಅಂತ ನಗಾಡ್ತಿದ್ದ. ಆದ್ರೆ ಅಪ್ಪನೂ ರಾತ್ರಿ ಹೊತ್ತು ಕದ್ದು ಬಾತುಕೋಳಿ ಹೊಡೀತಿದ್ದ ಅನ್ನೋದು ನನಗೆ ಗೊತ್ತು.

ಹೊಸ ಕ್ಯಾಸೆಟ್ ಬೇಕು ಅಂದ್ರೆ ಮಡಗಾಂವಿಗೇ ಹೋಗ್ಬೇಕು. ಕಾರವಾರದಿಂದ ಬಸ್ಸು ಕಾಳಿ ಸೇತುವೆ ದಾಟಿ (2024ರ ಆಗಸ್ಟ್‌ನಲ್ಲಿ ನಡುರಾತ್ರಿ ಕುಸಿದುಬಿತ್ತಲ್ಲ, ಅದೇ ಹಳೇ ಸೇತುವೆ), ಸದಾಶಿವಗಡ, ಮಾಜಾಳಿ, ಪೋಳೆಂ. ವಾಪಸ್ ಬರುವಾಗ ಮಾಜಾಳಿ ಚೆಕ್‌ಪೋಸ್ಟಿನಲ್ಲಿ ಬಸ್ ಹತ್ತಿ ಚೀಲ ತಡವಿ ನೋಡೋರು. ಹುಡುಕ್ತಿದ್ದದ್ದು ಬಾಟಲಿ. ನನ್ನ ಚಡ್ಡಿ ಜೇಬಲ್ಲಿ ಇರ್ತಿದ್ದ ಅಸಲಿ ಕಳ್ಳಮಾಲು ಯಾವತ್ತೂ ಯಾರ ಕಣ್ಣಿಗೂ ಬೀಳ್ಲಿಲ್ಲ. 1998ರ ಜನವರಿ 26ಕ್ಕೆ ಕೊಂಕಣ ರೈಲು ಪೂರ್ತಿಯಾಗಿ ಉದ್ಘಾಟನೆಯಾಯ್ತು. ಸ್ಟೇಷನ್ನಿಗೆ ಹೆಸರು ಕಾರವಾರ ಅಂತ, ಇರೋದು ಮಾತ್ರ ನಮ್ಮ ಶಿರವಾಡದಲ್ಲಿ. ಆಮೇಲೆ ಮಡಗಾಂವು ಹಿತ್ತಲಲ್ಲೇ ಇದ್ದ ಹಾಗಾಯ್ತು.

ಕ್ಯಾಸೆಟ್ ಮೇಲೆ '9999999 ಇನ್ 1' ಅಂತ ಬರೆದಿರ್ತಿತ್ತು, ನೆನಪಿದ್ಯಾ? ಒಂದು ಕೋಟಿಗೆ ಒಂದೇ ಕಮ್ಮಿ! ನಾನು ಮತ್ತು ಪಕ್ಕದ ಮನೆಯವನು ಒಂದು ಬೇಸಿಗೆ ರಜೆ ಪೂರ್ತಿ ಅದನ್ನ ಎಣಿಸೋಕೆ ಕೂತಿದ್ವಿ. ಹತ್ತು ಹನ್ನೆರಡು ಆಟ ಆದ ಮೇಲೆ ಅದೇ ಮಾರಿಯೋ, ಆದ್ರೆ ಮೂರನೇ ಲೆವೆಲ್ಲಿಂದ ಶುರು. ಅದೇ ಟ್ಯಾಂಕ್, ಬೇರೆ ಹೆಸರು. ಕಾಂಟ್ರಾದಲ್ಲಿ 30 ಲೈಫ್ ಬೇಕಾದ್ರೆ ಮೆನುವಿನಲ್ಲೇ ಇರೋದು. ಅದಕ್ಕೆ ಮೇಲೆ-ಮೇಲೆ-ಕೆಳಗೆ-ಕೆಳಗೆ ಅಂತ ಒಂದು ಗುಟ್ಟಿನ ಮಂತ್ರ ಇದೆ, ಅದನ್ನ ಮಾಡಿದವರು ಕೊನಾಮಿಯ ಕಜುಹಿಸಾ ಹಶಿಮೊಟೊ, 1986ರಲ್ಲಿ ಗ್ರೇಡಿಯಸ್ ಆಟಕ್ಕೆ ಮೊದಲು ಹಾಕಿದ್ದು ಅಂತೆಲ್ಲ ತಿಳಿದದ್ದು ಅವರು 2020ರಲ್ಲಿ ತೀರಿಕೊಂಡ ಸುದ್ದಿ ಓದಿದಾಗ.

ನನ್ನ ತಕರಾರು ಇರೋದು ಇಲ್ಲೇ. ಕಳ್ಳ ಕ್ಯಾಸೆಟ್ ಮಾಡೋರು ಮೊದಲು ಮಾಡ್ತಿದ್ದ ಕೆಲಸ ಏನು ಗೊತ್ತಾ? ಪರದೆ ಮೇಲಿದ್ದ ಕಂಪನಿ ಹೆಸರು ಅಳಿಸೋದು. ನಿಂಟೆಂಡೋ, ಕೊನಾಮಿ, ನಾಮ್ಕೊ ಯಾವ ಹೆಸರೂ ನಮಗೆ ಸಿಗಲಿಲ್ಲ. ಶಿಗೆರು ಮಿಯಾಮೊಟೊ ಅನ್ನೋ ಮನುಷ್ಯ ಒಬ್ಬ ಇದ್ದಾನೆ ಅಂತಲೇ ಗೊತ್ತಿಲ್ಲದೆ ಅವನ ಮಾರಿಯೋನ ನಾವು ಸಾವಿರ ಸಲ ಗುಂಡಿಗೆ ಬೀಳಿಸಿದ್ವಿ. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಹಾಡುತ್ತಿದ್ದ ಹಾಲಕ್ಕಿ ಹಾಡುಗಳಿಗೆ ಕರ್ತೃ ಯಾರು ಅಂತ ಯಾರಾದ್ರೂ ಕೇಳ್ತಿದ್ರಾ? ಬಾಯಿಂದ ಬಾಯಿಗೆ ಬಂತು, ಹಾಡಿದ್ರು. ನಮಗೆ ಮಾರಿಯೋ ಬಂದದ್ದೂ ಹೆಚ್ಚುಕಮ್ಮಿ ಹಾಗೇ. ಹೋಲಿಕೆ ಅತಿಯಾಯ್ತು ಅಂತ ಬೈಬೇಡಿ. ಅಜ್ಜಿಯ ಹಾಡಿನಿಂದ ಯಾರ ಹೊಟ್ಟೆ ಮೇಲೂ ಹೊಡೆತ ಬೀಳ್ತಿರಲಿಲ್ಲ, ಇಲ್ಲಿ ಬೀಳ್ತಿತ್ತು. ಅಷ್ಟು ವ್ಯತ್ಯಾಸ ನನಗೂ ಗೊತ್ತು.

ಹಾಗಾದ್ರೆ ಒರಿಜಿನಲ್ ತಗೋಬೇಕಿತ್ತು ಅಂತೀರಾ? ಸಮುರಾಯ್ ಅನ್ನೋ ಹೆಸರಲ್ಲಿ ನಿಂಟೆಂಡೋ ಪೆಟ್ಟಿಗೆ ಇಲ್ಲಿ ಅಧಿಕೃತವಾಗಿಯೂ ಬಂದಿತ್ತು. ಮೀಡಿಯಾ, ಲಿಟಲ್ ಮಾಸ್ಟರ್, ವಿಜ್ ಕಿಡ್ ಅಂತ ನಕಲುಗಳೂ ಬಂದವು, ಗೆದ್ದದ್ದು ಅವೇ. ಯಾಕೆ ಅಂದ್ರೆ, 1995ರಲ್ಲಿ ಸೆಗಾ ಕಂಪನಿ ತನ್ನ ಮೆಗಾ ಡ್ರೈವ್ ಮಾರೋಕೆ ಭಾರತಕ್ಕೆ ಬಂತು. ಆಮದು ಸುಂಕ 80 ಪರ್ಸೆಂಟ್. ಇಲ್ಲಿ ವಿತರಣೆಗೆ ಹಿಡಿದದ್ದು ಶಾ ವ್ಯಾಲೇಸ್ ಕಂಪನೀನ, ಹೌದು, ಬಿಯರ್ ವಿಸ್ಕಿ ಮಾಡ್ತಿದ್ದ ಅದೇ ಶಾ ವ್ಯಾಲೇಸ್. ಬೆಲೆ 18,000 ರೂಪಾಯಿ! ಆವಾಗಿನ 18,000. ನಮ್ಮಪ್ಪನ ಎಷ್ಟು ತಿಂಗಳ ಸಂಬಳ ಅಂತ ಲೆಕ್ಕ ಹಾಕೋದೂ ಬೇಡ. ಚಿಕ್ಕಪ್ಪ ತಂದ ಪೆಟ್ಟಿಗೆಗೆ ಏಳುನೂರು ಚಿಲ್ಲರೆ. ಅಷ್ಟೇ ಸಾಕಲ್ಲ ಉತ್ತರಕ್ಕೆ?

ಸಾಕಾಗಲ್ಲ. ನಾನು ಇಷ್ಟು ವರ್ಷ ಸಾಕು ಅಂದ್ಕೊಂಡಿದ್ದೆ. ಈಗ ಹಾಗನ್ಸಲ್ಲ. ಯಾಕೆ ಅಂತ ಹೇಳ್ತೀನಿ.

ಫ್ಯಾಮಿಕಾಂ ಚಿತ್ರ ಬಿಡಿಸೋದು 8 ಚುಕ್ಕೆ ಅಗಲ 8 ಚುಕ್ಕೆ ಎತ್ತರದ ಹೆಂಚುಗಳಲ್ಲಿ, ನಮ್ಮ ಮನೆ ಮಾಡಿಗೆ ಹೊದಿಸಿದ ಹಾಗೆ. ಒಂದು ಸಲಕ್ಕೆ ಹಿನ್ನೆಲೆಗೆ 256 ಹೆಂಚು, ಓಡಾಡೋ ಬೊಂಬೆಗಳಿಗೆ 256. ಅಷ್ಟರಲ್ಲೇ ಎಲ್ಲ. ಮಾರಿಯೋದಲ್ಲಿ ಆಕಾಶದ ಮೋಡ, ನೆಲದ ಪೊದೆ ಎರಡೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಹೋಗಿ ನೋಡಿ ಬೇಕಿದ್ರೆ! ಇಡೀ ಆಟ 40 ಕೆಬಿ. ಮೊಬೈಲಲ್ಲಿ ತೆಗೆದ ಒಂದು ಫೋಟೋದ ಜಾಗದಲ್ಲಿ ಇಂಥ ಐವತ್ತು ಮಾರಿಯೋ ಕೂರ್ತಾರೆ. ಈ ಇಕ್ಕಟ್ಟಿನಲ್ಲಿ ಅಕ್ಷರಗಳಿಗೂ ಜಾಗ ಹುಡುಕಬೇಕು. ಇಂಗ್ಲಿಷಿಗೆ 26 ಹೆಂಚು ಸಾಕು. ಜಪಾನಿನವರಿಗೆ ಕಷ್ಟ ಆಯ್ತು. 1986ರ ಡ್ರ್ಯಾಗನ್ ಕ್ವೆಸ್ಟ್ ಮಾಡುವಾಗ ಕಟಕಾನ ಲಿಪಿಯ ಅಕ್ಷರ ಅಷ್ಟೂ ಹಿಡಿಸಲಾಗದೆ, ಕೆಲವನ್ನ ಮಾತ್ರ ಇಟ್ಕೊಂಡು, ಅವುಗಳಲ್ಲೇ ಬರೆಯೋಕಾಗುವಂಥ ಹೆಸರುಗಳನ್ನ ರಾಕ್ಷಸರಿಗೆ ಹುಡುಕಿ ಇಟ್ರಂತೆ. ಆದ್ರೆ ತಮ್ಮ ಭಾಷೆ ಬಿಡ್ಲಿಲ್ಲ ನೋಡಿ.

ಕನ್ನಡದ 'ಷ್ಟ್ರ'ವನ್ನ 8 ಚುಕ್ಕೆಯಲ್ಲಿ ಹಿಡಿಸೋಕಾಗುತ್ತಾ? ಆಗಲ್ಲ. ಒತ್ತಕ್ಷರಕ್ಕೆ ಕೆಳಗೆ ಇನ್ನೊಂದು ಹೆಂಚು ಬೇಕು. ಕಷ್ಟ, ಅಸಾಧ್ಯ ಅಲ್ಲ. ಯುನಿಕೋಡ್ ಬಂದ ಹೊಸದರಲ್ಲಿ ಒತ್ತಕ್ಷರದ ಬದಲು ಡಬ್ಬಿ ಡಬ್ಬಿ ನೋಡ್ಕೊಂಡೇ ಬರೆದವರಲ್ವಾ ನಾವು? ಫಾಂಟು ಸರಿಯಿಲ್ಲ ಅಂತ ಕೈಕಟ್ಟಿ ಕೂತಿದ್ರೆ ಈ ಬ್ಲಾಗುಗಳೆಲ್ಲ ಎಲ್ಲಿರ್ತಿದ್ವು? ಆಟಗಳ ವಿಷಯದಲ್ಲಿ ಮಾತ್ರ ಯಾರೂ ಪ್ರಯತ್ನಾನೂ ಮಾಡ್ಲಿಲ್ಲ. ಯಾಕೆ ಮಾಡ್ತಾರೆ? ನೂರು ರೂಪಾಯಿಗೆ ಒಂದು ಕೋಟಿ ಆಟ ಸಿಗುವಾಗ, ಒಂದೇ ಒಂದು ಕನ್ನಡ ಆಟ ಮಾಡಿ ಅದನ್ನ ಮಾರೋ ಹುಚ್ಚ ಯಾರು? ಆ ಕ್ಯಾಸೆಟ್ಟುಗಳು ನಮಗೆ ಬಾಲ್ಯ ಕೊಟ್ವು, ಜೊತೆಗೇ ನಮ್ಮ ಅಂಗಡಿ ಬಾಗಿಲನ್ನೂ ಮುಚ್ಚಿದ್ವು.

ಬ್ರೆಜಿಲ್ಲಿನ ಕಥೆ ಕೇಳಿ. ಅಲ್ಲೂ ವಿಪರೀತ ಸುಂಕ, ಅಲ್ಲೂ ನಕಲುಗಳ ಜಾತ್ರೆ. ಆದ್ರೆ ಟೆಕ್‌ಟಾಯ್ ಅನ್ನೋ ಅಲ್ಲಿಯದೇ ಕಂಪನಿ ಸೆಗಾ ಜೊತೆ ಒಪ್ಪಂದ ಮಾಡ್ಕೊಂಡು 1991ರಲ್ಲಿ ಒಂದು ಕೆಲಸ ಮಾಡ್ತು. ವಂಡರ್ ಬಾಯ್ ಸರಣಿಯ ಒಂದು ಜಪಾನಿ ಆಟದ ನಾಯಕನನ್ನ ತೆಗೆದು, ಆ ಜಾಗಕ್ಕೆ ಅವರ ಮಕ್ಕಳ ಕಾಮಿಕ್ಸ್‌ನ ಮೋನಿಕಾ ಅನ್ನೋ ಹುಡುಗೀನ ಕೂರಿಸ್ತು. ಮಾತೆಲ್ಲ ಪೋರ್ಚುಗೀಸಿನಲ್ಲಿ. ಮೋನಿಕಾ ಕತ್ತಿ ಬದಲು ತನ್ನ ಬಟ್ಟೆಯ ಮೊಲದ ಗೊಂಬೆ ಬೀಸ್ತಾಳೆ! ರಷ್ಯಾದವರು ತಮ್ಮ ನಕಲು ಪೆಟ್ಟಿಗೆಗೆ ಡೆಂಡಿ ಅಂತ ಹೆಸರಿಟ್ರು, ಪೋಲೆಂಡಿನವರದ್ದು ಪೆಗಾಸಸ್. ಅವರಿಗೆ ಅದನ್ನ ಹೇಳ್ಕೊಳ್ಳೋಕೆ ನಾಚಿಕೆಯೇನಿಲ್ಲ. ಡೆಂಡಿ ಬಗ್ಗೆ ರಷ್ಯಾದವರು ಬರೆದಿದ್ದಾರೆ, ಮಾರಿದವರನ್ನ ಹುಡುಕಿ ಮಾತಾಡಿಸಿದ್ದಾರೆ. ನಾವು ನಮ್ಮದನ್ನ ಅಟ್ಟಕ್ಕೆ ಹಾಕಿ ಗುಜರಿಯವನಿಗೆ ಕಾಯ್ತಿದೀವಿ.

ಇದರಲ್ಲಿ ಇನ್ನೊಂದು ವಿಚಿತ್ರ ಇದೆ. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರು ಧ್ರುವ ಇಂಟರಾಕ್ಟಿವ್ ಶುರುಮಾಡಿದ್ರು, ಆಟ ತಯಾರಿಸುವ ಕಂಪನಿಗಳಲ್ಲಿ ಭಾರತಕ್ಕೇ ಮೊದಲನೆಯವುಗಳಲ್ಲಿ ಒಂದು. ಫೋರ್ಜಾದಂಥ ದೊಡ್ಡ ದೊಡ್ಡ ಆಟಗಳಿಗೆ ಇಲ್ಲಿ ಕೂತು ಚಿತ್ರ ಮಾಡಿದ್ರು. 2019ರಲ್ಲಿ ಜಿಟಿಎ ಮಾಡೋ ರಾಕ್‌ಸ್ಟಾರ್ ಅದನ್ನ ಕೊಂಡುಕೊಂಡಿತು. ಅಂದ್ರೆ ಚಿತ್ರ ಬಿಡಿಸೋ ಕೈ ನಮ್ಮೂರಿನದ್ದೇ, ಆ ಆಟದೊಳಗೆ ನಮ್ಮ ಅಕ್ಷರ ಇಲ್ಲ. 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ಹೈದರಾಬಾದಿನವರು ಹನುಮಾನ್ ಮಾಡಿದ್ರು. ಅದೇ ವರ್ಷ ದೇಸಿ ಅಡ್ಡಾ ಅಂತ ಕಬಡ್ಡಿ, ಚಿನ್ನಿದಾಂಡು, ಗಾಳಿಪಟ ಇರೋ ಆಟಾನೂ ಬಂತು. ಚಿನ್ನಿದಾಂಡು ಆಡೋಕೆ ಪ್ಲೇಸ್ಟೇಷನ್ ಬೇಕಾ ಅಂತ ಆವಾಗ ನಾನೇ ನಕ್ಕಿದ್ದೆ. ಈಗ ಹುಬ್ಬಳ್ಳಿಯಿಂದ ಬಂದವನಿಗೆ ಚಿನ್ನಿದಾಂಡು ಅಂದ್ರೆ ಏನು ಅಂತ ಕೈಸನ್ನೆ ಮಾಡಿ ಹೇಳುವಾಗ ನಗು ಬರಲ್ಲ. ಸರ್ಕಾರದ್ದು 2012ರಿಂದಲೂ ಅನಿಮೇಷನ್-ಗೇಮಿಂಗ್ ನೀತಿ ಅಂತ ಒಂದಿದೆ. ಕೆಲಸ ಎಷ್ಟು ಜನಕ್ಕೆ, ರಫ್ತು ಎಷ್ಟು ಅನ್ನೋದೇ ಮಾತು. ಇನ್ನು ಪೇಪರಿನಲ್ಲಿ 'ಗೇಮ್' ಅಂತ ಬಂದ್ರೆ ಅದು ದುಡ್ಡಿನ ರಮ್ಮಿ, ಸಾಲ, ಆತ್ಮಹತ್ಯೆ. ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನ ನಿಲ್ಲಿಸೋಕೆ 2025ರ ಆಗಸ್ಟ್‌ನಲ್ಲಿ ಪಾರ್ಲಿಮೆಂಟು ಕಾನೂನು ಮಾಡ್ತು. ನನ್ನ ಮಟ್ಟಿಗೆ ಒಳ್ಳೇದೇ ಆಯ್ತು, ಆ ಜೂಜಿಗೂ ನಮ್ಮ ಕಾಂಟ್ರಾಗೂ ಒಂದೇ ಹೆಸರು ಇರೋದೇ ಅನ್ಯಾಯ.

ಅಕ್ಕನ ಮಗನಿಗೆ ಮಾರನೇ ದಿನ ಇಷ್ಟನ್ನೆಲ್ಲ ಹೇಳಿದೆ. ಅರ್ಧ ಕೇಳಿದ, ಅರ್ಧ ಬಿಜಿಎಂಐ ಆಡ್ತಿದ್ದ. ಆದ್ರೆ ಒಂದು ಪ್ರಶ್ನೆ ಕೇಳಿದ. "ನೀವು ಆಡಿದ್ದು ಡೂಪ್ಲಿಕೇಟ್ ಅಂತ ನಿಮಗೇ ಗೊತ್ತಿರ್ಲಿಲ್ಲ ಅಂದ್ಮೇಲೆ, ಅದು ಡೂಪ್ಲಿಕೇಟ್ ಹೆಂಗಾಗ್ತದೆ ಮಾಮಾ?" ಹುಡುಗ ತಲೆ ಇದ್ದವ. ನನ್ನಷ್ಟು ಸುತ್ತಿ ಬಳಸಿ ಹೇಳಲ್ಲ.

2023ರಲ್ಲಿ ಅಮೆರಿಕದ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್‌ನವರು ಲೆಕ್ಕ ಹಾಕಿದ್ರು. 2010ಕ್ಕಿಂತ ಮೊದಲು ಅಲ್ಲಿ ಬಿಡುಗಡೆಯಾದ ಹಳೇ ಆಟಗಳಲ್ಲಿ ಶೇ. 87ರಷ್ಟು ಈಗ ಅಂಗಡಿಯಲ್ಲಿ ಕೊಳ್ಳೋಕೆ ಸಿಗಲ್ಲ. ಅಂಗಡಿ, ಬಿಲ್ಲು, ಕಂಪನಿ ಎಲ್ಲ ಇದ್ದ ದೇಶದ ಕಥೆ ಇದು. ನಮ್ಮಲ್ಲಿ ಕ್ಯಾಸೆಟ್ ಮಾಡಿದವರ ಹೆಸರಿಲ್ಲ, ಮಾರಿದವರ ಬಿಲ್ಲಿಲ್ಲ. ಇರೋದು ನಮ್ಮ ನೆನಪು ಅಷ್ಟೇ. ಅದಕ್ಕೇ ಕೇಳ್ತಿದೀನಿ, ನಿಮ್ಮೂರಲ್ಲಿ ಕ್ಯಾಸೆಟ್ ಬಾಡಿಗೆಗೆ ಕೊಡ್ತಿದ್ದ ಅಂಗಡಿ ಎಲ್ಲಿತ್ತು, ದಿನಕ್ಕೆ ಎಷ್ಟು, ಆ ಪೆಟ್ಟಿಗೆಗೆ ಏನಂತ ಕರೀತಿದ್ರಿ, ಅದರ ಮೇಲೆ ಏನು ಬರೆದಿತ್ತು, ನೆನಪಿದ್ದಷ್ಟು ಬರೀರಿ. ಇಂಗ್ಲಿಷಿನಲ್ಲಿ ಯಾರೋ ಬೆಂಗಳೂರು ಮುಂಬೈ ಬಗ್ಗೆ ಬರೆದಾರು. ಶಿರಸಿ, ಗದಗ, ಕಾಸರಗೋಡಿನ ಬಗ್ಗೆ ಬರೆಯೋದು ನೀವೇ.

ಅಂದ ಹಾಗೆ, ಪೆಟ್ಟಿಗೆ ಇನ್ನೂ ಜೀವಂತ ಇದೆ! ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳು ನಮ್ಮ ಸಮುದ್ರದ ಉಪ್ಪುಗಾಳಿಗೆ ಹಸಿರುಗಟ್ಟಿದ್ವು. ಆವಾಗೆಲ್ಲ ಬಾಯಿಂದ 'ಫೂ' ಅಂತ ಊದ್ತಿದ್ವಲ್ಲ, ಅದು ತಪ್ಪಂತೆ, ಬಾಯಿಯ ತೇವಕ್ಕೆ ಇನ್ನೂ ಕಿಲುಬು ಹಿಡಿಯುತ್ತಂತೆ. ಕೆಲಸ ಮಾಡ್ತಿದ್ದದ್ದು ಊದಿದ್ದಲ್ಲ, ತೆಗೆದು ಮತ್ತೆ ಹಾಕಿದ್ದು. ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ, ಮಾರಿಯೋ ಬಂದ. ಮಧ್ಯದಲ್ಲಿ ಕರೆಂಟ್ ಹೋಯ್ತು, ಮತ್ತೆ ಮೊದಲಿಂದ. 2000ದಲ್ಲಿ ಪಕ್ಕದ ಕೈಗಾದಲ್ಲಿ ಅಣುವಿದ್ಯುತ್ ಶುರುವಾದಾಗ ಇನ್ನು ಕರೆಂಟ್ ಹೋಗಲ್ಲ ಅಂತ ಅಪ್ಪ ನಂಬಿದ್ದ, ಪಾಪ.

ಬಾತುಕೋಳಿ ಮಾತ್ರ ಸಾಯ್ತಿಲ್ಲ. ಕಾರಣ ಬಂದೂಕಿನದ್ದಲ್ಲ, ಟೀವಿಯದ್ದು. ಕುದುರೆ ಎಳೆದ ಕೂಡಲೇ ಪರದೆ ಒಂದು ಕ್ಷಣ ಪೂರ್ತಿ ಕಪ್ಪಾಗುತ್ತೆ, ಮರುಕ್ಷಣ ಬಾತು ಇದ್ದ ಜಾಗದಲ್ಲಿ ಒಂದು ಬಿಳಿ ಚೌಕ ಮೂಡುತ್ತೆ. ಬಂದೂಕಿನ ನಳಿಗೆಯಲ್ಲಿರೋದು ಬೆಳಕು ಗುರುತಿಸೋ ಒಂದು ಕಣ್ಣು ಅಷ್ಟೇ. ಅದಕ್ಕೆ ಮೊದಲು ಕಪ್ಪು, ಆಮೇಲೆ ಬಿಳಿ ಕಂಡ್ರೆ ಗುರಿ ಬಿತ್ತು ಅಂತ ಲೆಕ್ಕ. ಟ್ಯೂಬ್‌ಲೈಟಿಗೆ ಹಿಡಿದು ಮೋಸ ಮಾಡೋಣ ಅಂದ್ರೆ ಆಗ್ತಿರಲಿಲ್ಲವಲ್ಲ, ಅದಕ್ಕೇ. ಹಳೇ ಟೀವಿ ಗೆರೆ ಗೆರೆಯಾಗಿ ಆ ಕ್ಷಣಕ್ಕೇ ಚಿತ್ರ ಬಿಡಿಸ್ತಿತ್ತು, ಬಂದೂಕು ನಂಬಿದ್ದು ಅದನ್ನ. ಈಗಿನ ಎಲ್‌ಇಡಿ ಟೀವಿ ಚಿತ್ರವನ್ನ ತನ್ನೊಳಗೆ ತಗೊಂಡು ಸ್ವಲ್ಪ ತಡವಾಗಿ ತೋರಿಸುತ್ತೆ. ಅಷ್ಟರಲ್ಲಿ ಬಾತು ಪರಾರಿ, ನಾಯಿ ಎದ್ದು ನಿಂತು ನಗುತ್ತೆ.

ನಮ್ಮನೆ ಹಳೇ ಟೀವೀನ ಆಯಿ ಎರಡು ವರ್ಷದ ಹಿಂದೆಯೇ ಗುಜರಿಯವನಿಗೆ ಕೊಟ್ಟಾಗಿದೆ, ಇನ್ನೂರು ರೂಪಾಯಿಗೆ. ಶಿರವಾಡದಿಂದ ಅಂಕೋಲೆವರೆಗೆ ಯಾರ ಮನೇಲಾದ್ರೂ ಆ ಹಿಂದೆ ಉಬ್ಬಿದ ಡಬ್ಬಾ ಟೀವಿ ಇನ್ನೂ ಇದ್ರೆ ತಿಳಿಸಿ. ಕೊಡೋದೇನೂ ಬೇಡ, ಪೆಟ್ಟಿಗೆ ಬಂದೂಕು ನಾನೇ ಹೊತ್ಕೊಂಡು ಬರ್ತೀನಿ. ಅಪ್ಪನೂ ಬರ್ತಾನಂತೆ.